ಬಾಜೆಲ್ ಕುದ್ರು

ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರುವ ಪೈಕಿ ಅಲ್ಲ. ದುಬೈಯ ಜೆಬೆಲ್ ಅಲಿಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವವಳು ನಾನು. ರಕ್ತ, ಕಿರುಚಾಟ, ಇನ್ಶೂರೆನ್ಸ್ ಕಾರ್ಡನ್ನು ಮನೆಯಲ್ಲಿ ಮರೆತು ಬಂದು ನನ್ನ ಮೇಲೆ ಹಾರಾಡುವ ಗಂಡಸರು, ಎಲ್ಲ ನೋಡಿಯಾಗಿದೆ. ವೆಲಿಟಾಳಿಗೆ ವಯಸ್ಸಾಯಿತು, ನಾಟಕದ ಹುಚ್ಚು ತಲೆಗೇರಿತು ಎಂದು ಹೇಳುವವರು ಹೇಳಿಕೊಳ್ಳಲಿ. ಆ ಸಂಜೆ ಸೈಡ್ ವಿಂಗಿನಲ್ಲಿ ಕೂತಿದ್ದವಳು ನಾನು, ಅವರಲ್ಲ.

ನಮ್ಮದು ದುಬೈಯಲ್ಲಿರುವ ಕರಾವಳಿಯವರ ಒಂದು ಸಣ್ಣ ನಾಟಕ ತಂಡ. ಕೊಂಕಣಿಯ ನಾವು, ಬ್ಯಾರಿಗಳು, ತುಳುವರು, ಎಲ್ಲರೂ ಇದ್ದೇವೆ. ಒಬ್ಬರ ಭಾಷೆಯಲ್ಲಿ ಆಡಿದರೆ ಉಳಿದವರ ಮುಖ ಊದುತ್ತದೆ, ಹಾಗಾಗಿ ನಾಟಕ ಕನ್ನಡದಲ್ಲಿ. ಡ್ಯೂಟಿ ಮುಗಿಸಿ ಓಡಿ ಬರುವ ನಟರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತು ಎಲ್ಲಿ? ಅದಕ್ಕೇ ನಾನಿರುವುದು. ನಾನು ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಸಣ್ಣ ಟಾರ್ಚು ಹಿಡಿದು ಪ್ರತಿಯೊಂದು ಮಾತನ್ನೂ ಮೆಲ್ಲಗೆ ಓದುತ್ತೇನೆ, ಅವರು ಅದನ್ನೇ ಎತ್ತಿಕೊಂಡು ಗಟ್ಟಿಯಾಗಿ ಹೇಳುತ್ತಾರೆ. ಚಪ್ಪಾಳೆ ಅವರಿಗೆ, ಗಂಟಲು ಕೆರೆತ ನನಗೆ.

ಬರೆಯುವುದು, ಆಡಿಸುವುದು ಎಲ್ಲ ಕ್ಯಾಮಿಲಸ್. ಡಿಸ್ಕವರಿ ಗಾರ್ಡನ್ಸಿನಲ್ಲಿ ನನ್ನ ಎದುರು ಬ್ಲಾಕಿನವನು. ಈ ವರ್ಷ ಅವನ ತಲೆಗೆ ಹೊಕ್ಕಿದ್ದು ಬಾಜೆಲ್ ಕುದ್ರು. ಬಾಜೆಲ್ ಎಂದರೆ ತುಳುವಿನಲ್ಲಿ ಬಾಯಾರಿಕೆ, ಕುದ್ರು ಎಂದರೆ ನಡುಗಡ್ಡೆ. ಅಬುಧಾಬಿ ಕಡೆಯ ಸಮುದ್ರದಲ್ಲಿರುವ ಒಂದು ಬೋಳು ದ್ವೀಪಕ್ಕೆ ನಮ್ಮ ಹಳಬರು ಇಟ್ಟ ಹೆಸರು ಅದು. ವೀಸಾ, ವಿಮಾನ ಯಾವುದೂ ಕೈಗೆಟುಕದ ಕಾಲದಲ್ಲಿ ಊರಿನ ಹುಡುಗರು ಕಳ್ಳ ಲಾಂಚ್ ಹತ್ತಿ ಇಲ್ಲಿಗೆ ಬರುತ್ತಿದ್ದರಲ್ಲ, ಹಾಗೆ ಬಂದ ಒಂದು ಲಾಂಚಿನವರನ್ನು ಅದರ ನಾಖುದಾ, ಅಂದರೆ ಲಾಂಚಿನ ಯಜಮಾನ, ಆ ದ್ವೀಪದಲ್ಲಿ ಇಳಿಸಿದನಂತೆ. ಇದೇ ದುಬೈ, ಆ ದಿಬ್ಬ ಹತ್ತಿ ಇಳಿದರೆ ಪೇಟೆ ಎಂದನಂತೆ. ಅವರು ದಿಬ್ಬ ಹತ್ತಿದರು. ಆಚೆಯೂ ಸಮುದ್ರ. ತಿರುಗಿ ನೋಡುವಾಗ ಲಾಂಚ್ ಇಲ್ಲ. ಕುಡಿಯುವ ನೀರೂ ಇಲ್ಲ.

"ದುರಂತ ನಾಟಕಕ್ಕೆ ದ್ವೀಪಕ್ಕಿಂತ ಒಳ್ಳೆ ಜಾಗ ಇಲ್ಲ ವೆಲಿಟಾ," ಎಂದು ಕ್ಯಾಮಿಲಸ್ ಭಾಷಣ ಶುರುಮಾಡಿದ್ದ. "ಕಾಡಾದ್ರೆ ದಾರಿ ಹುಡುಕಬಹುದು, ಹೊಳೆಯಾದ್ರೆ ದಾಟಬಹುದು. ದ್ವೀಪದಲ್ಲಿ ಮನುಷ್ಯನಿಗೆ ಎಂತ ಉಂಟು? ತಾನು, ಮತ್ತೆ ನೀರು. ಎಲ್ಲಾ ದೇಶದ ಹಳೇ ಕಥೆಯಲ್ಲಿಯೂ ಬೇಡದವರನ್ನು ತಂದು ಬಿಡುವುದು ದ್ವೀಪದಲ್ಲೇ."

"ಹಾಗಾದ್ರೆ ನಮ್ಮನ್ನು ಇಲ್ಲಿ ತಂದು ಬಿಟ್ಟದ್ದು ಯಾರು ಮಾರಾಯಾ?" ಎಂದೆ. ಅವನು ನಗಲಿಲ್ಲ. ಬರೆಯುವವರಿಗೆ ನಗು ಕಡಿಮೆ.

ಈ ಕಥೆ ಅವನಿಗೆ ಸಿಕ್ಕಿದ್ದು ಕಾಸಿಮಾಕನಿಂದ. ದುಬೈಯ ಹಳೆ ಪೇಟೆ ನೈಫಿನಲ್ಲಿ ಪೆಟ್ಟಿಗೆ, ಬ್ಯಾಗು, ಕಂಬಳಿಯ ಅಂಗಡಿ ಇಟ್ಟ ಉಳ್ಳಾಲದ ಬ್ಯಾರಿ. ಅವರು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅಪ್ಪ ಇದ್ದಿನಬ್ಬ ಲಾಂಚ್ ಹತ್ತಿದವರು. ಆಮೇಲೆ ಸುದ್ದಿಯೇ ಇಲ್ಲ. ಕಾಸಿಮಾಕನ ಮಗ ಶಮೀರ್ ನಮ್ಮ ತಂಡದ ಹುಡುಗ, ನಾಟಕದಲ್ಲಿ ಪ್ರಯಾಣಿಕರ ಪೈಕಿ ಎಲ್ಲರಿಗಿಂತ ಕಿರಿಯವನ ಪಾತ್ರ ಅವನದು. ಮೊಮ್ಮಗ ಇಂಥ ನಾಟಕದಲ್ಲಿದ್ದಾನೆ ಎಂದು ಕೇಳಿದ್ದೇ ತಡ, ಎಷ್ಟು ವರ್ಷ ಕರೆದರೂ ದುಬೈಗೆ ಕಾಲಿಡದ ಕಾಸಿಮಾಕನ ತಾಯಿ ನೆಬಿಸಾ ವಿಸಿಟ್ ವೀಸಾದಲ್ಲಿ ಬಂದಿಳಿದರು. ಆ ಮನೆಯಲ್ಲಿ ಎಲ್ಲರೂ ಅವರನ್ನು ಉಮ್ಮ ಎಂದೇ ಕರೆಯುವುದು. ನಮಗೂ ಉಮ್ಮನೇ ಆದರು.

ಅಂಗಡಿಯ ಮೇಲಿನ ಅವರ ಫ್ಲಾಟಿಗೆ ಕ್ಯಾಮಿಲಸ್ ಮತ್ತು ನಾನು ಹೋದೆವು. ಪುಟ್ಟ ಹೆಂಗಸು, ತಲೆಯ ಮೇಲೆ ಬಿಳಿ ಬಟ್ಟೆ. ಕಿವಿಯ ಅಂಚಿಗೆ ಸಾಲಾಗಿ ಚಿನ್ನದ ಅಲಿಕತ್ತು. ಹಳೆ ಕಾಲದ ಬ್ಯಾರಿ ಹೆಂಗಸರ ಆ ಓಲೆಯನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ನೋಡಿದ್ದು ಅಲ್ಲೇ. ಗಂಡ ತೀರಿದವರು ಅದನ್ನು ತೆಗೆದಿಡುತ್ತಾರೆ. ಉಮ್ಮ ತೆಗೆದಿರಲಿಲ್ಲ. ಗಂಡ ತೀರಿದ ಹೆಂಗಸು ಹೊರಗೆ ಬಾರದೆ ಮನೆಯಲ್ಲಿ ಕೂರುವ ಇದ್ದತ್ ಎಂಬುದನ್ನೂ ಕೂತಿರಲಿಲ್ಲ. ತೀರಿಹೋದವರಿಗೆ ಮಾಡುವ ಪ್ರಾರ್ಥನೆ, ದುಆ, ಬಾಪನ ಹೆಸರಲ್ಲೂ ಒಂದು ಮಾಡಿಸುವ ಎಂದು ಕಾಸಿಮಾಕ ಬಾಯಿ ತೆರೆದರೆ ಸಾಕು, ಉಮ್ಮ ಊಟ ಬಿಟ್ಟು ಏಳುತ್ತಿದ್ದರಂತೆ.

"ನಿನ್ನ ನಾಟಕದಲ್ಲಿ ಅವರು ದುಬೈ ಮುಟ್ತಾರಾ ಮೋನೆ?" ಎಂದು ಉಮ್ಮ ಕ್ಯಾಮಿಲಸನನ್ನು ಮಗನೆಂದೇ ಕರೆದು ಕೇಳಿದರು.

"ಇಲ್ಲ ಉಮ್ಮ. ಯಾರೂ ಮುಟ್ಟುವುದಿಲ್ಲ."

"ಯಾರೂ?"

"ಯಾರೂ."

ಉಮ್ಮನ ಮುಖ ಅರಳಿತು. ನನಗೆ ಇದೆಂಥ ಹೆಂಗಸು ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಡುಗೆಮನೆಯಲ್ಲಿ ನನಗೆ ಚಾ ಸೋಸಿಕೊಡುತ್ತಾ ಅವರೇ ಹೇಳಿದರು.

"ನೋಡು ಮಗಳೇ, ಗಂಡ ಸತ್ತವಳಿಗೆ ಊರಲ್ಲಿ ಒಂದು ಮರ್ಯಾದೆ ಉಂಟು. ಗಂಡ ಬಿಟ್ಟವಳಿಗೆ ಎಂತ ಉಂಟು? ಆ ಲಾಂಚಿನ ಯಾರದ್ದೂ ಸುದ್ದಿ ಬರ್ಲಿಲ್ಲ, ಅದು ಯಾರಿಗೂ ನೆನಪಿಲ್ಲ. ಇದ್ದಿನಬ್ಬ ದುಬೈಯಲ್ಲಿ ಅರಬಿ ಹೆಂಗಸನ್ನು ಕಟ್ಟಿಕೊಂಡಿದ್ದಾನೆ ಅಂತ ಯಾವನೋ ಒಬ್ಬ ಹೇಳಿದ. ಅದು ಎಲ್ರಿಗೂ ನೆನಪುಂಟು. ನೀರಿಗೆ ಹೋದ್ರೂ ಅದೇ ಮಾತು, ಮದುವೆಗೆ ಹೋದ್ರೂ ಅದೇ ಮಾತು. ನಮ್ಮ ಪಕ್ಕದ ಮನೆ ಬೀಫಾತಿಮ ಇವತ್ತಿಗೂ ಕೇಳ್ತಾಳೆ, ನಿನ್ನ ಸವತಿ ಹೇಗಿದ್ದಾಳೆ ಅಂತ. ತಮಾಷೆಗಂತೆ."

"ನಿಮಗೆ ಎಂತ ಅನ್ನಿಸ್ತದೆ ಉಮ್ಮ?"

"ಅನ್ನಿಸಿ ಎಂತ ಮಾಡ್ಲಿ? ಗೊತ್ತಾಗ್ಬೇಕು. ಅವರು ಮುಟ್ಟಿ ನನ್ನನ್ನು ಮರೆತರಾ, ಅಲ್ಲ ಮುಟ್ಟಲೇ ಇಲ್ವಾ? ದುಬೈ ಮುಟ್ಟಿದ ಕೂಡಲೇ ನಿನ್ನನ್ನು ಕರೆಸ್ಕೊಳ್ತೇನೆ ಅಂದವರು. ಅದೊಂದು ಗೊತ್ತಾದ್ರೆ ಸಾಕು, ನಾನು ಕಣ್ಣು ಮುಚ್ತೇನೆ."

ಬೀಫಾತಿಮ ಎಂಬವಳು ಎದುರಿಗಿದ್ದರೆ ನಾಲ್ಕು ಮಾತು ಬಿಸಿಬಿಸಿಯಾಗಿ ಕೊಡುತ್ತಿದ್ದೆ.

ನಾಟಕಕ್ಕೆ ವಾತಾವರಣ ಸಾಲುವುದಿಲ್ಲ, ಒಮ್ಮೆ ಆ ಕುದ್ರುವಿನಲ್ಲೇ ರಿಹರ್ಸಲ್ ಮಾಡಬೇಕು ಎಂದು ಕ್ಯಾಮಿಲಸ್ ಹಟ ಹಿಡಿದ. ಭಟ್ಕಳದ ಜಾಫರ್ ಎಂಬ ಬೋಟಿನವನಿಗೆ ಅತ್ತ ಹೋಗುವ ಪರ್ಮಿಟ್ ಇತ್ತು. ಒಂದು ರಜೆಯ ದಿನ ಬೆಳಿಗ್ಗೆ ಹೊರಟೆವು. ನಾಖುದಾನ ಪಾತ್ರದ ಕಾನ್ರಾಡ್ ದುಬೈಯ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ನೋಡಿಕೊಳ್ಳುವವನು. ಆರಡಿ ಆಳು, ಮೈಕಿಲ್ಲದೆ ಮದುವೆ ಹಾಲ್ ತುಂಬಿಸುವ ಗಂಟಲು. ಅವನ ಕಾರಿನಲ್ಲಿ ಕ್ಯಾಮಿಲಸ್ ಮತ್ತು ನಾನು. ಶಮೀರ್ ಮತ್ತು ಉಳಿದ ಹುಡುಗರು ವ್ಯಾನಿನಲ್ಲಿ.

ದ್ವೀಪ ಹತ್ತಿರವಾಗುತ್ತಿದ್ದ ಹಾಗೆ ಜಾಫರ್ ಎಂಜಿನ್ ನಿಧಾನ ಮಾಡಿದ. ಒಂದು ಕ್ಯಾನ್ ಕುಡಿಯುವ ನೀರನ್ನು ಎತ್ತಿ ಸಮುದ್ರಕ್ಕೆ ಸುರಿದ.

"ಅಯ್ಯೋ, ಕುಡಿಯುವ ನೀರಲ್ವಾ!" ಎಂದೆ.

"ಈ ದಾರಿಯಲ್ಲಿ ಹೋಗುವವರೆಲ್ಲ ಹೊಯ್ತಾರೆ ಅಕ್ಕ. ಇಲ್ಲಿ ಹಿಂದೆ ಸಿಹಿನೀರಿನ ಬಾವಿ ಇತ್ತಂತೆ, ಅರಬಿಗಳು ಹೇಳ್ತಾರೆ. ಮುತ್ತು ತೆಗೆಯುವವನೊಬ್ಬ ಸಾಯುವ ಹೊತ್ತಿಗೆ ನೀರು ಕೇಳಿದ, ನಾಖುದಾ ಕೊಡ್ಲಿಲ್ಲ. ಬಾವಿ ಉಪ್ಪಾಯ್ತು. ಆವತ್ತಿನಿಂದ ಮೋಸ ಹೋದವರೆಲ್ಲ ಇಲ್ಲಿಗೇ ಬಂದು ಸೇರ್ತಾರಂತೆ." ಅವನು ನಮ್ಮೆಲ್ಲರ ಕಡೆ ತಿರುಗಿದ. "ಎರಡು ಮಾತು ನೆನಪಿಟ್ಕೊಳ್ಳಿ. ಅಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ಕೊಡ್ಬೇಡಿ. ಯಾರನ್ನೂ ಕರೀಬೇಡಿ."

"ಜನವೇ ಇಲ್ಲದ ಕಡೆ ಯಾರು ಕೇಳುವುದು?" ಎಂದು ಕಾನ್ರಾಡ್ ನಕ್ಕ.

"ಕೇಳ್ತಾರೆ. ಒಂದೇ ಮಾತು. ಇದು ದುಬೈಯಾ ಅಂತ." ಜಾಫರ್ ಖಾಲಿ ಕ್ಯಾನ್ ಕೆಳಗಿಟ್ಟ. "ಹೌದು ಅಂದ್ರೆ ಸುಳ್ಳು. ಅವರನ್ನು ಕೊಂದದ್ದೇ ಆ ಸುಳ್ಳು. ಅಲ್ಲ ಅಂತ ಹೇಳ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ? ಹಾಗಾಗಿ ನೀರು ಹೊಯ್ದು ಸುಮ್ಮನೆ ಹೋಗುವುದು."

ಕ್ಯಾಮಿಲಸ್ ಇದನ್ನೆಲ್ಲ ಗೊಣಗಿಕೊಂಡು ನೆನಪಿಟ್ಟುಕೊಳ್ಳುತ್ತಿದ್ದ. ಅವನಿಗೆ ಎಲ್ಲವೂ ಮುಂದಿನ ನಾಟಕವೇ.

ಇಳಿದೆವು. ನೆತ್ತಿಯ ಮೇಲೆ ಬಿಸಿಲು. ಒಂದು ಹಕ್ಕಿ ಇಲ್ಲ, ಒಂದು ಏಡಿ ಇಲ್ಲ. ದಿಬ್ಬದಾಚೆ ನಿಜಕ್ಕೂ ಒಂದು ಬಾವಿ ಇತ್ತು. ಕ್ಯಾಮಿಲಸ್ ಬೆರಳದ್ದಿ ನಾಲಿಗೆಗೆ ಹಚ್ಚಿ ಥೂ ಎಂದು ಉಗಿದ. ದಡದ ಹತ್ತಿರ ಚಪ್ಪಟೆ ಕಲ್ಲುಗಳು ಸಾಲಾಗಿದ್ದವು, ಎಲ್ಲವೂ ದೂರದ ಕರಾವಳಿಯ ಕಡೆಗೆ ಮುಖ ಮಾಡಿ. ಮೇಲ್ಭಾಗ ಸವೆದು ನುಣ್ಣಗಾಗಿತ್ತು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಹಾಗೆ. ಹುಡುಗರು ಅದರ ಮೇಲೆ ಕೂತರು. ಮೊಬೈಲ್ ಇಲ್ಲದೆ ಅರೆಗಳಿಗೆ ಇರದ ಹುಡುಗರು ಸುಮ್ಮನೆ ಆ ಕರಾವಳಿಯ ಕಡೆ ನೋಡುತ್ತಾ ಕೂತದ್ದು ಕಂಡು ನನಗೆ ಸರಿ ಅನ್ನಿಸಲಿಲ್ಲ.

ಆಡಿದ್ದು ಕೊನೆಯ ದೃಶ್ಯ. ಬಾಯಾರಿ ಸಾಯುತ್ತಿರುವವರಿಗೆ ಲಾಂಚ್ ತಿರುಗಿ ಬಂದ ಹಾಗೆ ಕನಸು ಬೀಳುತ್ತದೆ. ನಾಖುದಾ ಅವರನ್ನು ಹತ್ತಿಸಿಕೊಳ್ಳುತ್ತಾನೆ. ಕಿರಿಯವನು ಎದ್ದು ನಿಂತು, ಇದು ದುಬೈಯಾ ಎಂದು ಕೇಳುತ್ತಾನೆ. ನಾಖುದಾ ಉತ್ತರ ಕೊಡದೆ ನಗುತ್ತಾನೆ. ನಗು ಮುಗಿಯುವಾಗ ಕತ್ತಲೆ. ಅಷ್ಟೇ ನಾಟಕ.

ಕಾನ್ರಾಡ್ ಬೋಟಿನ ಮೂತಿಯ ಮೇಲೆ ನಿಂತ. ನಾನು ಮಾತು ಓದಿದೆ. ಅವನು ಎದೆ ತುಂಬಿ ಕೂಗಿದ: "ಬನ್ನಿ, ಹತ್ತಿ! ಈ ಸಲ ಮೋಸ ಇಲ್ಲ. ನೇರ ದುಬೈಗೆ!"

ಜಾಫರ್ ನೆರಳಿನಲ್ಲಿ ಕೂತು ಬಲೆ ಸರಿಮಾಡುತ್ತಿದ್ದವನು ಎದ್ದು ಓಡಿ ಬಂದ. "ಖಲಾಸ್! ಖಲಾಸ್! ಬಾಯಿ ಮುಚ್ಚಿ! ಕರೀಬೇಡಿ ಅಂದೆನಲ್ಲ!"

ನಾವೆಲ್ಲ ದಡದಲ್ಲಿದ್ದೆವು. ಕಾನ್ರಾಡ್ ಒಬ್ಬನೇ ಬೋಟಿನ ಮುಂದಿನ ತುದಿಯಲ್ಲಿ. ಅಲೆ ಇರಲಿಲ್ಲ. ಆದರೂ ಬೋಟಿನ ಹಿಂಬದಿ ಒಂದು ಮಗ್ಗುಲಿಗೆ ವಾಲಿತು, ಯಾರಾದರೂ ಅಂಚು ಹಿಡಿದು ಹತ್ತುವಾಗ ವಾಲುವ ಹಾಗೆಯೇ, ಮತ್ತೆ ನೆಟ್ಟಗಾಯಿತು. ಸಾಯ್ಬಾ ಬೊಗೊಸ್, ದೇವರೇ ಕ್ಷಮಿಸು, ಎಂದು ನನ್ನ ಬಾಯಿಂದ ತಾನಾಗಿ ಬಂತು.

ವಾಪಸು ಬರುವಾಗ ಹಿಂದಿನ ಹಲಗೆಯಲ್ಲಿ ಯಾರೂ ಕೂರಲಿಲ್ಲ. ಜಾಫರ್ ಉಳಿದ ನೀರನ್ನು ಸಮುದ್ರಕ್ಕೆ ಹೊಯ್ಯದೆ ಆ ಹಲಗೆಯ ಮೇಲೆ ಸುರಿದ. ಸುರಿದ ನೀರು ಹರಿದು ಕೆಳಗಿಳಿಯಬೇಕಲ್ಲ? ಇಳಿಯಲಿಲ್ಲ. ಹಲಗೆ ಒಣಗಿಯೇ ಇತ್ತು. ಜೆಟ್ಟಿಯಲ್ಲಿ ನಮ್ಮನ್ನು ಇಳಿಸಿ, ಹಗ್ಗ ಬಿಚ್ಚುತ್ತಾ ಅವನು ಇಷ್ಟೇ ಹೇಳಿದ: "ಕರೆದದ್ದು ನೀವು. ಮುಟ್ಟಿಸುವುದೂ ನೀವೇ."

ಕಾರಿನಲ್ಲಿ ಕ್ಯಾಮಿಲಸ್ ಮತ್ತು ನಾನು ಹಿಂದೆ ಕೂತೆವು. ಮುಂದಿನ ಸೀಟು ಖಾಲಿ. ಕಾರು ಹೊರಟದ್ದೇ ಟಿಣ್ ಟಿಣ್ ಎಂದು ಬೆಲ್ಟಿನ ಗಂಟೆ ಶುರುವಾಯಿತು. ಕಾನ್ರಾಡ್ ತನ್ನ ಬೆಲ್ಟು ನೋಡಿದ, ಹಾಕಿಯೇ ಇತ್ತು. ಖಾಲಿ ಸೀಟನ್ನು ಕೈಯಿಂದ ಸವರಿದ, ಬ್ಯಾಗಾಗಲಿ ಬಾಟಲಿಯಾಗಲಿ ಏನೂ ಇಲ್ಲ. ಗಂಟೆ ನಿಲ್ಲಲಿಲ್ಲ. ದುಬೈಯ ದಾರಿಗೆ ಬಿದ್ದ ಮೇಲೆ ಅವನು ರಸ್ತೆಯಿಂದ ಕಣ್ಣು ತೆಗೆಯದೆಯೇ ಕೈ ಚಾಚಿ ಆ ಸೀಟಿನ ಬೆಲ್ಟು ಎಳೆದು ಸಿಕ್ಕಿಸಿದ. ಗಂಟೆ ನಿಂತಿತು.

"ಸೆನ್ಸರ್ ಹಾಳಾಗಿರ್ಬೇಕು," ಎಂದು ಇಳಿಯುವಾಗ ಕ್ಯಾಮಿಲಸ್ ಹೇಳಿದ.

"ಹೌದು, ನಿನ್ನ ತಲೆಯದ್ದು," ಎಂದೆ. ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು.

ಆಮೇಲಿನ ರಿಹರ್ಸಲ್‌ಗಳೆಲ್ಲ ಒಂದು ಶಾಲೆಯ ಕೋಣೆಯಲ್ಲಿ. ಮೂಲೆಯಲ್ಲಿ ನೀರಿನ ಡಿಸ್ಪೆನ್ಸರ್ ಇತ್ತು, ಮೇಲೆ ದೊಡ್ಡ ಬಾಟಲಿ ಬೋರಲಾಗಿ ಕೂರುವಂಥದ್ದು. ಯಾರೂ ನಲ್ಲಿ ತಿರುಗಿಸದೆ ಅದು ಗುಳುಗುಳು ಎನ್ನುತ್ತಿತ್ತು. ಬಾಟಲಿಯೊಳಗೆ ಗುಳ್ಳೆ ಏಳುತ್ತಿತ್ತು, ನೀರು ಇಳಿಯುತ್ತಿತ್ತು, ನೆಲ ಮಾತ್ರ ಒಣಗಿದ್ದೇ. ಶಾಲೆಯ ವಾಚ್‌ಮನ್ ನಮ್ಮನ್ನು ಗುರಾಯಿಸುತ್ತಿದ್ದ, ಇವರೇನು ಒಂಟೆಗಳಾ ಎನ್ನುವ ಹಾಗೆ.

ಲಾಂಚಿನ ದೃಶ್ಯಕ್ಕೆ ಉದ್ದ ಬೆಂಚು ಹಾಕಿದ್ದೆವು. ಹುಡುಗರು ಕೂರುವಾಗ ಶಮೀರನ ಪಕ್ಕ ಒಂದು ಜಾಗ ಬಿಟ್ಟೇ ಕೂರುತ್ತಿದ್ದರು.

"ಒತ್ತಿಕೊಂಡು ಕೂತ್ಕೊಳ್ಳಿ ಮಾರಾಯ್ರೆ, ಅದೆಂತ ನಡುವೆ ಗ್ಯಾಪು?" ಎಂದು ನಾನು ಗದರಿದೆ.

"ಅಲ್ಲಿ ಆಳುಂಟಲ್ಲ ಆಂಟೀ," ಎಂದ ಒಬ್ಬ, ಮೊಬೈಲ್ ನೋಡುತ್ತಾ. ಎರಡು ಕ್ಷಣ ಕಳೆದು ತಾನು ಹೇಳಿದ್ದು ತನಗೇ ಹೊಳೆದು ತಲೆಯೆತ್ತಿದ. ಯಾರೂ ಒತ್ತಿಕೊಂಡು ಕೂರಲಿಲ್ಲ.

ಇನ್ನೊಂದು ಇತ್ತು, ಅದು ನನಗೊಬ್ಬಳಿಗೇ ಗೊತ್ತು. ನಾನು ಮಾತು ಓದಿದ ಮೇಲೆ ನಟ ಅದನ್ನು ಹೇಳುತ್ತಾನಲ್ಲ, ಆ ನಡುವಿನ ಸಣ್ಣ ಬಿಡುವಿನಲ್ಲಿ ನನ್ನ ಬೆನ್ನ ಹಿಂದೆ ಇನ್ನೊಂದು ಬಾಯಿ ಅದೇ ಮಾತನ್ನು ಕಲಿಯುತ್ತಿತ್ತು. ಒಣಗಿ ಬಿರಿದ ಗಂಟಲು. ಶಾಲೆಗೆ ಹೊಸದಾಗಿ ಸೇರಿದ ಮಗು ಮೇಷ್ಟ್ರ ಹಿಂದೆ ಹೇಳುವ ಹಾಗೆ. ಒಂದು ದಿನ ನಾನು ಓದದೆ ಇರುವಾಗಲೇ ಕಿವಿಯ ಹತ್ತಿರ ಕೇಳಿತು: "ಇದು ದುಬೈಯಾ?"

ಜಾಫರ್ ಹೇಳಿದ್ದು ನೆನಪಿತ್ತು. ಬಾಯಿ ಬಿಗಿದುಕೊಂಡೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಜಪಸರ ಹಿಡಿದು ಕೂತೆ, ಒಂದು ಮಣಿಯೂ ಮುಂದೆ ಹೋಗಲಿಲ್ಲ. ಕಣ್ಣೆದುರು ಉಮ್ಮನೇ ಬರುತ್ತಿದ್ದರು. ಹೇಳುವುದಾದರೆ ಹೇಗೆ? ನಿಮ್ಮ ಗಂಡ ಇರಬಹುದು, ನಮ್ಮ ಡಿಸ್ಪೆನ್ಸರಿನ ನೀರು ಕುಡಿಯುತ್ತಿದ್ದಾರೆ ಎಂದಾ? ಲಾಂಚಿನಲ್ಲಿ ಎಷ್ಟೋ ಜನ ಇದ್ದರು. ಬೇರೆ ಯಾರೋ ಆಗಿದ್ದರೆ? ಅಷ್ಟು ಕಾದ ಹೆಂಗಸಿಗೆ ಅರ್ಧ ಸುದ್ದಿ ಕೊಡುವಷ್ಟು ಕಲ್ಲೆದೆ ನನಗಿಲ್ಲ. ಹೇಳಲಿಲ್ಲ.

ನಾಟಕದ ಸಂಜೆ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಾಸಿಮಾಕ, ಅವರ ಪಕ್ಕ ಉಮ್ಮ. ಮಡಿಲಲ್ಲಿ ಒಂದು ನೀರಿನ ಬಾಟಲಿ. ಎಲ್ಲಿಗೆ ಹೋದರೂ ಅವರಿಗೆ ಅದು ಬೇಕು. ನಾಟಕ ಚೆನ್ನಾಗಿಯೇ ಹೋಯಿತು. ನಾಖುದಾ ಇದೇ ದುಬೈ ಎಂದು ಕೈ ತೋರಿಸಿದಾಗ ಹಾಲಿನಲ್ಲಿ ಹೆಂಗಸರು ಛೆ ಎಂದದ್ದು ನನಗೆ ವಿಂಗಿನವರೆಗೆ ಕೇಳಿಸಿತು.

ಕೊನೆಯ ದೃಶ್ಯಕ್ಕೆ ಲೈಟ್ ಆರಿಸಿ ಬೆಂಚು ತರುವ ಹೊತ್ತಿಗೆ ಶಮೀರ್ ಓಡಿ ಬಂದು ನನ್ನ ಕಾಲಬುಡದಲ್ಲಿ ಕುಸಿದ. ಮೂಗಿನಿಂದ ರಕ್ತ ಸುರಿಯುತ್ತಿತ್ತು, ಅಂಗಿಯೆಲ್ಲ ಕೆಂಪು.

"ಆಂಟೀ, ನಿಲ್ತಾ ಇಲ್ಲ!"

"ತಲೆ ಮುಂದಕ್ಕೆ ಬಗ್ಗಿಸು. ಮೂಗು ಒತ್ತಿ ಹಿಡಿ. ಬಾಯಲ್ಲಿ ಉಸಿರಾಡು," ಎಂದೆ. ಕ್ಲಿನಿಕ್ಕಿನ ಅಭ್ಯಾಸ, ಕೈ ತಾನಾಗಿ ಕೆಲಸ ಮಾಡಿತು. ನನ್ನ ದುಪಟ್ಟಾವನ್ನೇ ಅವನ ಮುಖಕ್ಕೆ ಒತ್ತಿದೆ. ಲೈಟಿನವನಿಗೆ ನಿಲ್ಲು ಎಂದು ಕೈ ಮಾಡುವಷ್ಟರಲ್ಲಿ ಲೈಟ್ ಹತ್ತಿಬಿಟ್ಟಿತು.

ಬೆಂಚು ತುಂಬಿತ್ತು, ಶಮೀರನ ಜಾಗವೂ.

ನಾನು ಒಮ್ಮೆ ಬೆಂಚು ನೋಡಿದೆ, ಒಮ್ಮೆ ನನ್ನ ಕಾಲಬುಡದಲ್ಲಿದ್ದ ಶಮೀರನನ್ನು. ಅವನ ಬಿಸಿ ರಕ್ತ ನನ್ನ ಅಂಗೈಯಲ್ಲಿತ್ತು. ಅವನೂ ದುಪಟ್ಟಾದ ಮೇಲಿನಿಂದ ಸ್ಟೇಜಿನ ಕಡೆ ನೋಡುತ್ತಿದ್ದ. ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಮರುದಿನವೂ ಅಲ್ಲಿ ನೀಲಿಗಟ್ಟಿತ್ತು.

ಕಾನ್ರಾಡ್ ಕೂಗಿದ: "ಬನ್ನಿ, ಹತ್ತಿ! ಈ ಸಲ ಮೋಸ ಇಲ್ಲ. ನೇರ ದುಬೈಗೆ!"

ಬೆಂಚಿನಿಂದ ಕಿರಿಯವನು ಎದ್ದ. ನನಗೆ ಕಂಡದ್ದು ಬೆನ್ನು. ಶಮೀರನದ್ದೇ ಎತ್ತರ, ಶಮೀರನದ್ದೇ ಭುಜ, ಚೌಕಳಿ ಮುಂಡು. ಹಿಮ್ಮಡಿಗಳು ಮಾತ್ರ ಬಿಳಿ, ಉಪ್ಪು ಹೆಪ್ಪುಗಟ್ಟಿದ ಹಾಗೆ. ನಾನು ಮಾತು ಓದಿರಲಿಲ್ಲ. ಓದುವ ಶಕ್ತಿ ಎಲ್ಲಿತ್ತು?

"ಇದು ದುಬೈಯಾ?"

ಈಗ ಕಾನ್ರಾಡ್ ನಗಬೇಕು. ನಗಲಿಲ್ಲ. ಅವನ ಎದುರಿಗೆ ಆ ಮುಖ ಇತ್ತಲ್ಲ. ಬಾಯಿ ತೆರೆದೇ ನಿಂತ, ಒಂದು ಹೆಜ್ಜೆ ಹಿಂದೆ ಸರಿದ. ಮಾತು ಮರೆತ ನಟನಿಗೆ ಮಾತು ಕೊಡಬೇಕಾದವಳು ನಾನು. ನನ್ನಲ್ಲಿಯೂ ಇರಲಿಲ್ಲ.

"ಇದು ದುಬೈಯಾ?" ಎಂದು ಅವನು ಮತ್ತೆ ಕೇಳಿದ, ಸಭೆಯ ಕಡೆ ತಿರುಗಿ. ಈ ಸಲ ಕನ್ನಡದಲ್ಲಿ ಅಲ್ಲ, ಬ್ಯಾರಿಯಲ್ಲಿ. ಅಳು ನುಂಗಿಕೊಂಡು ಕೇಳುವವರ ಧ್ವನಿ ಅದು. ನನ್ನ ಹೆದರಿಕೆಯೆಲ್ಲ ಆ ಒಂದು ಮಾತಿನಲ್ಲಿ ಕರಗಿ ಹೋಯಿತು, ಬರೀ ಸಂಕಟ ಉಳಿಯಿತು. ಪಾಪ, ಯಾರಾದರೂ ಹೇಳ್ರಪ್ಪಾ ಎಂದು ಕೂಗಬೇಕೆನಿಸಿತು.

ಮುಂದಿನ ಸಾಲಿನಲ್ಲಿ ಉಮ್ಮ ಎದ್ದು ನಿಂತರು. ಕಾಸಿಮಾಕ ಕೈ ಹಿಡಿದು ಕೂರಿಸಲು ನೋಡಿದರು. ಉಮ್ಮ ಕೈ ಕೊಡವಿಕೊಂಡು ಸ್ಟೇಜಿನ ಅಂಚಿನವರೆಗೆ ನಡೆದು ಹೋದರು. ತಲೆಯೆತ್ತಿ ಅವನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

"ಹೌದು," ಎಂದರು ಬ್ಯಾರಿಯಲ್ಲೇ, ಮನೆಗೆ ಬಂದ ಗಂಡನ ಹತ್ತಿರ ಮಾತಾಡುವ ಹಾಗೆ, ಮೆಲ್ಲಗೆ. "ಇದೇ ದುಬೈ. ನೀವು ಮುಟ್ಟಿದಿರಿ. ನಾನೂ ಬಂದಿದ್ದೇನೆ."

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಆ ಪ್ರಶ್ನೆಗೆ ಇದ್ದದ್ದು ಸುಳ್ಳು ಉತ್ತರ ಒಂದೇ. ಇವತ್ತು ಅದೇ ಉತ್ತರ ನಿಜ. ಈ ಹಾಲ್ ಇರುವುದು ದುಬೈಯಲ್ಲೇ ಅಲ್ಲವಾ?

ಉಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ಸ್ಟೇಜಿನ ಅಂಚಿನಲ್ಲಿಟ್ಟರು. "ನೀರು ಕುಡಿಯಿರಿ," ಎಂದರು.

ಅವನು ಬಗ್ಗಿದ. ಅಷ್ಟರಲ್ಲಿ ಲೈಟಿನವನು ಗಾಬರಿಯಾಗಿ ಕತ್ತಲೆ ಮಾಡಿಬಿಟ್ಟ. ಆ ಕತ್ತಲೆಯಲ್ಲಿ ಗುಟುಕು ಗುಟುಕಾಗಿ ಕುಡಿಯುವ ಸದ್ದು ನಾನು ಕೇಳಿದೆ. ಶಮೀರನೂ ಕೇಳಿದ. ಲೈಟ್ ಬಂದಾಗ ಬೆಂಚಿನಲ್ಲಿ ಮತ್ತೆ ಆ ಜಾಗ ಖಾಲಿ. ಬಾಟಲಿ ಮಗುಚಿ ಬಿದ್ದಿತ್ತು, ಒಳಗೆ ಒಂದು ಹನಿ ಇಲ್ಲ, ಹಲಗೆ ಒದ್ದೆಯಾಗಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಅದು ನಾಟಕ.

ಗ್ರೀನ್‌ರೂಮಿನಲ್ಲಿ ಕ್ಯಾಮಿಲಸ್ ಕುಣಿಯುವುದೊಂದೇ ಬಾಕಿ. ಶಮೀರನನ್ನು ತಬ್ಬಿ, "ಎಂಥಾ ಆಕ್ಟಿಂಗ್ ಮಾರಾಯಾ! ಬ್ಯಾರಿಯಲ್ಲಿ ಕೇಳುವ ಐಡಿಯಾ ಯಾವಾಗ ಬಂತು? ಉಮ್ಮನನ್ನು ಮೊದಲೇ ಸೆಟ್ ಮಾಡಿದ್ಯಾ?" ಎಂದು ಕೇಳುತ್ತಿದ್ದ. ಅಂಗಿಯ ರಕ್ತವೂ ಅವನ ಕಣ್ಣಿಗೆ ಮೇಕಪ್ಪೇ. ಶಮೀರ್ ನನ್ನ ಮುಖ ನೋಡಿದ. ನಾನು ತಲೆಯಲ್ಲಾಡಿಸಿದೆ, ಬೇಡ ಎಂದು. ಕಾನ್ರಾಡ್ ಅರ್ಧ ಕಿತ್ತ ಮೀಸೆಯಲ್ಲಿ ಮೂಲೆಯಲ್ಲಿ ಕೂತಿದ್ದ.

"ವೆಲಿಟಾ, ಆಗ ಶಮೀರ್ ನಿನ್ನ ಹತ್ತಿರ ಇದ್ನಾ?" ಎಂದ.

"ಇದ್ದ."

ಇಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡು ಅತ್ತ.

ಉಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಮೊಮ್ಮಗನ ಮುಖ ಒರೆಸಿದರು, ನೋವುಂಟಾ ಎಂದು ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು.

"ಅವರು ನನ್ನನ್ನು ಬಿಟ್ಟು ಹೋಗಿರ್ಲಿಲ್ಲ ಮಗಳೇ," ಎಂದರು. "ದಾರಿಯಲ್ಲೇ ಇದ್ದರು."

ಒಂದು ವಾರ ಕಳೆದು ನೈಫಿಗೆ ಹೋದೆ. ಕಾನ್ರಾಡ್ ಉಮ್ಮನಿಗೆಂದು ಕೊಟ್ಟ ಹಣ್ಣಿನ ಬುಟ್ಟಿಯೂ ನನ್ನ ಕೈಯಲ್ಲೇ ಇತ್ತು, ಯಾಕೆಂದರೆ ಹೊರಗಿನ ಗಂಡಸರಿಗೆ ಈಗ ಅವರನ್ನು ನೋಡುವ ಹಾಗಿಲ್ಲ. ಉಮ್ಮ ಇದ್ದತ್ ಕೂತಿದ್ದರು. ಒಳಗಿನ ಕೋಣೆಯಲ್ಲಿ, ಬಣ್ಣವಿಲ್ಲದ ಬಟ್ಟೆ ಉಟ್ಟು. ಕಿವಿ ಬೋಳಾಗಿತ್ತು, ಅಲಿಕತ್ತು ಇದ್ದ ಕಡೆಯಲ್ಲೆಲ್ಲ ಸಾಲಾಗಿ ತೂತುಗಳು. ಮದರಸದ ಉಸ್ತಾದರು ಬಂದು, ಇಷ್ಟು ವರ್ಷ ಕಳೆದ ಮೇಲೆ ಕೂರಬೇಕೆಂದಿಲ್ಲ ಉಮ್ಮ ಎಂದು ಹೇಳಿ ನೋಡಿದರಂತೆ. ಬಾಗಿಲ ಮರೆಯಿಂದಲೇ ಉಮ್ಮ, "ನಿಮಗೆ ಇಷ್ಟು ವರ್ಷ. ನನಗೆ ಮೊನ್ನೆ," ಎಂದರಂತೆ. ಉಸ್ತಾದರು ದುಆ ಮಾಡಿ ಹೋದರಂತೆ. ಬಾಪನ ಹೆಸರಿನಲ್ಲಿ ಆ ಮನೆಯಲ್ಲಿ ನಡೆದ ಮೊದಲ ದುಆ ಎಂದು ಕಾಸಿಮಾಕ ನನ್ನಲ್ಲಿ ಹೇಳಿದರು.

ನಾನು ಚಾಪೆಯ ಮೇಲೆ ಕೂತೆ. ಉಮ್ಮ ಫೋನು ನನ್ನ ಕಡೆ ನೂಕಿದರು.

"ಊರಿಗೆ ಹಚ್ಚಿ ಕೊಡು ಮಗಳೇ. ಬೀಫಾತಿಮನಿಗೆ."

ಹಚ್ಚಿ ಕೊಟ್ಟೆ. ಆ ಕಡೆಯಿಂದ ಯಾರೋ ಎತ್ತಿದರು. ಉಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆಯ ಬಟ್ಟೆ ಸರಿಮಾಡಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದರು. ಮನೆಯ ಮದುವೆಗೆ ಕರೆಯುವವರ ಧ್ವನಿಯಲ್ಲಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದರು:

"ಬೀಫಾತಿಮಾ, ನೆಬಿಸಾ ಮಾತಾಡುವುದು. ನನ್ನ ಗಂಡ ತೀರಿಹೋದರು. ಎಲ್ಲರಿಗೂ ಹೇಳು."